ಬಂಪರ್ ಕೆಳಗಿನ ಏರ್ ಡ್ಯಾಮ್: ಬಿಚ್ಚುವುದು ಹೇಗೆ, ಬಿಚ್ಚಿದ ಮೇಲೆ ಏನೇನು ಬದಲಾಗುತ್ತದೆ

ಜಗಳೂರು, ಹೊಸದುರ್ಗ ಕಡೆಯ ಹೊಲದ ದಾರಿಗಳಲ್ಲಿ ಓಡಾಡುವ ಪಿಕಪ್ ಗಾಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಬಂಪರ್ ಕೆಳಗೆ ಒಂದು ಕಪ್ಪು ಪಟ್ಟಿ ಅರ್ಧ ಹರಿದು ನೇತಾಡುತ್ತಿರುತ್ತದೆ, ಇಲ್ಲವೇ ಬೈಂಡಿಂಗ್ ವೈರಿನಲ್ಲಿ ಬಿಗಿಸಿಕೊಂಡು ಹೇಗೋ ನಿಂತಿರುತ್ತದೆ. ಅದೇ ಏರ್ ಡ್ಯಾಮ್. ಗ್ಯಾರೇಜಿನವರು ಲಿಪ್ ಅಂತಲೂ ಸ್ಕರ್ಟ್ ಅಂತಲೂ ಕರೆಯುತ್ತಾರೆ. ಹಂಪ್ ದಾಟುವಾಗ, ಬದು ಹತ್ತುವಾಗ, ಕಾಲುವೆ ಏರಿಯಿಂದ ಹೊಲಕ್ಕೆ ಇಳಿಯುವಾಗ ಮೊದಲು ಪೆಟ್ಟು ತಿನ್ನುವುದು ಇದೇ. ಹರಿದು ಬೀಳುವ ಮುಂಚೆ ನಾವೇ ಬಿಚ್ಚಿಟ್ಟರೆ ಹೇಗೆ ಎಂದು ಯೋಚಿಸುವವರು ಬಹಳ. ಬಿಚ್ಚುವುದು ಮುಕ್ಕಾಲು ಗಂಟೆಯ ಕೆಲಸ. ಆದರೆ ಪಟ್ಟಿಯ ಜೊತೆಗೆ ಬಿಚ್ಚಬಾರದ್ದನ್ನೂ ಬಿಚ್ಚಿ ಕೈ ಸುಟ್ಟುಕೊಳ್ಳುವವರೇ ಹೆಚ್ಚು.

ಅದು ಅಲ್ಲಿ ಯಾಕಿದೆ?

ಗಾಡಿಯ ಹೊಟ್ಟೆ ನುಣ್ಣಗಿರುವುದಿಲ್ಲ. ಆಕ್ಸಲ್, ಸೈಲೆನ್ಸರ್, ಗೇರ್‌ಬಾಕ್ಸ್, ಚಾಸಿಯ ಅಡ್ಡಪಟ್ಟಿಗಳು ಎಲ್ಲವೂ ಗಾಳಿಗೆ ಎಡವುಗಲ್ಲುಗಳೇ. ಮುಂದಿನ ಪಟ್ಟಿ ಕೆಳಗೆ ನುಗ್ಗುವ ಗಾಳಿಯನ್ನು ಕಡಿಮೆ ಮಾಡಿ ಅಕ್ಕಪಕ್ಕಕ್ಕೆ ತಳ್ಳುತ್ತದೆ. ಇನ್ನೊಂದು ಕೆಲಸ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಪಟ್ಟಿಯ ಹಿಂದೆ, ಎಂಜಿನ್ ಕೆಳಗೆ, ಗಾಳಿಯ ಒತ್ತಡ ಇಳಿಯುತ್ತದೆ. ಹಾಗೆ ಇಳಿದಾಗ ಗ್ರಿಲ್‌ನಿಂದ ಒಳಬಂದ ಗಾಳಿ ರೇಡಿಯೇಟರ್ ಮೂಲಕ ಹಾದು ಕೆಳಗಿನಿಂದ ಸಲೀಸಾಗಿ ಹೊರಬೀಳುತ್ತದೆ. ಅಂದರೆ ಈ ಪಟ್ಟಿ ಮೈಲೇಜಿಗೆ ಎಷ್ಟೋ, ಎಂಜಿನ್ ತಂಪಿಗೂ ಅಷ್ಟೇ ಸಂಬಂಧಪಟ್ಟದ್ದು.

ಮೊದಲು ಗುರುತಿಸಿ

ಎಲ್ಲ ಗಾಡಿಗಳಲ್ಲೂ ಅದು ಬೇರೆ ಭಾಗವಲ್ಲ. ಬೆರಳಿನಿಂದ ಒತ್ತಿದರೆ ಬಾಗುವ, 3–4 ಮಿ.ಮೀ. ದಪ್ಪದ, ಬೋಲ್ಟ್ ಮತ್ತು ಕ್ಲಿಪ್‌ಗಳಲ್ಲಿ ಕೂತ ಪಟ್ಟಿಯಾದರೆ ಬಿಚ್ಚಬಹುದು. ಬಂಪರ್ ಜೊತೆಗೇ ಅಚ್ಚು ಹೊಯ್ದದ್ದಾದರೆ ಗರಗಸ ಹಿಡಿಯಬೇಡಿ. ಬಂಪರ್‌ನ ಬಿಗುವೇ ಹೋಗಿ ಇಡೀ ಬಂಪರ್ ನಡುಗಲು ಶುರುವಾಗುತ್ತದೆ.

ಪಟ್ಟಿಯ ಹಿಂದೆ ಎಂಜಿನ್ ಅಡಿಗೆ ಹಾಸಿದಂತಿರುವ ತಟ್ಟೆ ಬೇರೆ. ಅದು ಅಂಡರ್ ಶೀಲ್ಡ್. ರೇಡಿಯೇಟರ್‌ನ ಎಡಬಲಕ್ಕೆ ನಿಂತಿರುವ ರಬ್ಬರ್ ಅಥವಾ ಪ್ಲಾಸ್ಟಿಕ್ ತಡಿಕೆಗಳೂ ಬೇರೆ. ಅವು ಗಾಳಿ ಆಚೀಚೆ ಸೋರದಂತೆ ರೇಡಿಯೇಟರ್‌ಗೇ ತಳ್ಳುವ ಏರ್ ಗೈಡ್‌ಗಳು. ಈ ಎರಡಕ್ಕೂ ಕೈ ಹಚ್ಚಬಾರದು. ‘ಏರ್ ಡ್ಯಾಮ್ ಬಿಚ್ಚಿದ ಮೇಲೆ ಗಾಡಿ ಬಿಸಿಯಾಗುತ್ತಿದೆ’ ಎಂಬ ದೂರು ಬಂದಾಗ ಮೊದಲು ನೋಡಬೇಕಾದದ್ದು ಈ ಗೈಡ್‌ಗಳು ಜಾಗದಲ್ಲಿವೆಯೇ ಎಂದು.

ಭಾರಿ ಲಾರಿಗಳ ಮಾತೇ ಬೇರೆ. ಅಲ್ಲಿ ಬಂಪರ್‌ನ ಹಿಂದೆ ಅಥವಾ ಕೆಳಗೆ ಅಡ್ಡಲಾಗಿ ಉಕ್ಕಿನ ತೊಲೆ ಇರಬಹುದು. ಎದುರಿನ ಕಾರು ಲಾರಿಯ ಅಡಿಗೆ ನುಗ್ಗದಂತೆ ತಡೆಯುವ ಸುರಕ್ಷತಾ ಭಾಗ ಅದು. ನೆಲಕ್ಕೆ ತಾಗುತ್ತದೆ ಎಂದು ಗ್ಯಾಸ್ ಕಟರ್‌ನಲ್ಲಿ ಅದನ್ನು ಕತ್ತರಿಸುವುದು ಶುದ್ಧ ಅವಿವೇಕ. ಇಲ್ಲಿ ಹೇಳುತ್ತಿರುವುದೆಲ್ಲ ಪಿಕಪ್ ಮತ್ತು ಸಣ್ಣ ಸರಕು ಗಾಡಿಗಳ ಪ್ಲಾಸ್ಟಿಕ್ ಪಟ್ಟಿಗೆ ಮಾತ್ರ.

ಬೇಕಾದ ಸಾಮಾನು

8 ಮತ್ತು 10 ಮಿ.ಮೀ. ಸಾಕೆಟ್, ರ್‍ಯಾಚೆಟ್, ಒಂದು ಉದ್ದ ಎಕ್ಸ್‌ಟೆನ್ಷನ್, ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ತುಕ್ಕು ಸಡಿಲಿಸುವ ಸ್ಪ್ರೇ, ಕಣ್ಣಿಗೆ ಕನ್ನಡಕ. ಪುಶ್ ಕ್ಲಿಪ್ (ತೂತಿಗೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಗುಬುಟು) ಹತ್ತು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಬಿಸಿಲಲ್ಲಿ ಒಣಗಿದ ಹಳೆಯ ಕ್ಲಿಪ್ ಮುರಿಯದೆ ಬಂದರೆ ಅದೃಷ್ಟ. 6 ಮಿ.ಮೀ. ಬೋಲ್ಟಿನ ವಾಷರ್‌ಗಳೂ ಒಂದು ಹಿಡಿ ಇರಲಿ, ಅವು ಯಾಕೆಂದು ಮುಂದೆ ಗೊತ್ತಾಗುತ್ತದೆ. ಜೊತೆಗೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು.

ಬಿಚ್ಚುವ ಕ್ರಮ

ಎಂಜಿನ್ ತಣ್ಣಗಿರುವಾಗ ಸಮನೆಲದಲ್ಲಿ ಗಾಡಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದು, ಮೊದಲ ಗೇರ್ ಹಾಕಿ, ಹಿಂದಿನ ಗಾಲಿಗಳಿಗೆ ಎರಡೂ ಬದಿ ಕಲ್ಲು ಕೊಡಿ. ಹಲವು ಪಿಕಪ್‌ಗಳಲ್ಲಿ ಎತ್ತದೆಯೇ ಕೈ ಆಡುತ್ತದೆ. ಎತ್ತಲೇಬೇಕಾದರೆ ಜಾಕಿಯ ಜೊತೆಗೆ ಸ್ಟ್ಯಾಂಡ್ ಕೊಟ್ಟ ಮೇಲೆ ಮಾತ್ರ ಕೆಳಗೆ ತೂರಿ. ಸೈಜುಗಲ್ಲು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಗಾಡಿ ಕೂರಿಸುವ ರೂಢಿ ನಮ್ಮ ಕಡೆ ಬಿಟ್ಟಿಲ್ಲ. ಭಾರಕ್ಕೆ ಕಲ್ಲು ಸೀಳುವಾಗ ಸೂಚನೆ ಕೊಟ್ಟು ಸೀಳುವುದಿಲ್ಲ.

ಮೊದಲು ನೀರು ಹೊಡೆದು ತೊಳೆಯಿರಿ. ಭೀಮಸಮುದ್ರದ ಗಣಿ ಧೂಳಾಗಲಿ, ಎರೆಮಣ್ಣಾಗಲಿ ಕ್ಲಿಪ್‌ಗಳೊಳಗೆ ಕೂತು ಒಣಗಿದರೆ ಗಾರೆಯಂತಾಗುತ್ತದೆ. ಆ ಸ್ಥಿತಿಯಲ್ಲಿ ಎಳೆದರೆ ಕ್ಲಿಪ್‌ನ ತಲೆ ಕೈಗೆ, ಕಾಲು ಒಳಗೇ. ತೊಳೆದ ಮೇಲೆ ಬೋಲ್ಟ್‌ಗಳಿಗೆ ಸ್ಪ್ರೇ ಹೊಡೆದು ಕಾಲು ಗಂಟೆ ಬಿಡಿ. ಅಷ್ಟರಲ್ಲಿ ಪಟ್ಟಿಗೆ ಏನೇನು ತಗುಲಿಕೊಂಡಿದೆ ನೋಡಿ: ಫಾಗ್ ಲ್ಯಾಂಪ್ ವೈರು, ಸೆನ್ಸರ್, ಬ್ರೇಕ್ ತಂಪಾಗಲೆಂದು ಗಾಳಿ ಒಯ್ಯುವ ಕೊಳವೆ. ಮೊಬೈಲಿನಲ್ಲಿ ಎಡ, ನಡು, ಬಲ ಎಂದು ಮೂರು ಫೋಟೊ ತೆಗೆದಿಟ್ಟುಕೊಳ್ಳಿ.

ಬಿಚ್ಚುವಾಗ ಎರಡೂ ತುದಿಯಿಂದ ಶುರುಮಾಡಿ ನಡುವಿಗೆ ಬನ್ನಿ, ನಡುವಿನ ಎರಡು ಬೋಲ್ಟ್ ಕೊನೆಗಿರಲಿ. ನಡುವನ್ನು ಮೊದಲು ಬಿಚ್ಚಿದರೆ ಪಟ್ಟಿ ಜೋತುಬಿದ್ದು ತುದಿಯ ತೂತುಗಳು ಹರಿಯುತ್ತವೆ. ಮತ್ತೆ ಕೂರಿಸಲು ಆಗುವುದಿಲ್ಲ. ಪುಶ್ ಕ್ಲಿಪ್‌ನಲ್ಲಿ ನಡುವಿನ ಪಿನ್ನನ್ನು ಮೊದಲು ಮೀಟಿ ಹೊರಗೆಳೆದು, ಆಮೇಲೆ ಕ್ಲಿಪ್ ತೆಗೆಯಬೇಕು. ಬೋಲ್ಟ್ ಹಟ ಮಾಡಿದರೆ ಒಂದು ಸುತ್ತು ಬಿಚ್ಚಿ, ಅರ್ಧ ಸುತ್ತು ಬಿಗಿದು, ಮತ್ತೆ ಬಿಚ್ಚಿ. ಬೋಲ್ಟ್ ಜೊತೆ ಹಿಂದಿನ ತಗಡಿನ ನಟ್ಟೂ ತಿರುಗುತ್ತಿದ್ದರೆ ಅದನ್ನು ಪ್ಲೇಯರ್‌ನಲ್ಲಿ ಹಿಡಿಯಬೇಕು. ಗ್ಯಾಸ್ ಟಾರ್ಚ್ ಹಚ್ಚಿ ಕಾಯಿಸುವ ಯೋಚನೆ ಬೇಡ, ಸುತ್ತಲೂ ಪ್ಲಾಸ್ಟಿಕ್ ಇದೆ.

ಪಟ್ಟಿ ಕೈಗೆ ಬಂದಾಕ್ಷಣ ಕೆಲಸ ಮುಗಿಯಿತು ಎಂದುಕೊಂಡರೆ ಕೆಟ್ಟಿರಿ. ಬಿಚ್ಚಿದ ಬೋಲ್ಟ್‌ಗಳಲ್ಲಿ ಕೆಲವು ಎರಡು ಕೆಲಸ ಮಾಡುತ್ತಿರುತ್ತವೆ. ಪಟ್ಟಿಯ ಜೊತೆಗೆ ಬಂಪರ್‌ನ ಕೆಳಅಂಚು ಅಥವಾ ಗಾಲಿಯ ಗೂಡಿನೊಳಗಿನ ಲೈನರ್ ಅನ್ನೂ ಅವೇ ಹಿಡಿದಿರುತ್ತವೆ. ಅವನ್ನು ಮತ್ತೆ ಹಾಕಲೇಬೇಕು. ಆದರೆ ನಡುವೆ ಇದ್ದ 3–4 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಈಗ ಇಲ್ಲವಾದ್ದರಿಂದ, ಬೋಲ್ಟ್ ಕೊನೆಮುಟ್ಟಿ ಬಿಗಿದಂತೆ ಕಂಡರೂ ಲೈನರ್ ಸಡಿಲವೇ ಇರುತ್ತದೆ. ವಾಷರ್‌ಗಳು ಬೇಕಾದದ್ದು ಇಲ್ಲಿ: ಪ್ರತಿ ಬೋಲ್ಟಿಗೆ ಎರಡು, ಬೇಕಾದರೆ ಮೂರು ಹಾಕಿ ಆ ದಪ್ಪ ತುಂಬಿಸಿ. ಉಕ್ಕಿಗೆ ಉಕ್ಕು ಸೇರುವ 6 ಮಿ.ಮೀ. ಬೋಲ್ಟಿಗೆ 8ರಿಂದ 10 ನ್ಯೂಟನ್ ಮೀಟರ್ ಬಿಗುವು ಸಾಕು. ಪ್ಲಾಸ್ಟಿಕ್ಕಿಗೆ ಬಿಗಿಯುವುದಾದರೆ ಕೈಯಲ್ಲೇ ಬಿಗಿಯಿರಿ, ಇಂಪ್ಯಾಕ್ಟ್ ಗನ್ ಬೇಡ. ನಂತರ ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ, ಲೈನರ್ ಟೈರಿಗೆ ತಾಗುವುದಿಲ್ಲ ಎಂದು ಕಣ್ಣಾರೆ ನೋಡಿ. ಖಾಲಿ ಉಳಿದ ತೂತುಗಳಿಗೆ ರೆಡ್ ಆಕ್ಸೈಡ್ ಬಳಿದು ರಬ್ಬರ್ ಬಿರಡೆ ಒತ್ತಿ.

ಕೊನೆಗೆ ಮತ್ತೊಮ್ಮೆ ಕುಕ್ಕರಿಸಿ ಮುಂದಿನಿಂದ ನೋಡಿ. ರೇಡಿಯೇಟರ್‌ನ ಕೆಳ ಟ್ಯಾಂಕ್, ಇಂಟರ್‌ಕೂಲರ್ ಹೋಸು, ಏಸಿ ಪೈಪು ಇವುಗಳಲ್ಲಿ ಯಾವುದಾದರೂ ಈಗ ಬಂಪರ್‌ಗಿಂತ ಕೆಳಗೆ ಕಾಣುತ್ತಿದ್ದರೆ ಆ ಗಾಡಿಗೆ ಪಟ್ಟಿ ಬೇಕೇ ಬೇಕು. ಬಿಚ್ಚಿದ್ದನ್ನು ಮತ್ತೆ ಹಾಕಿಬಿಡಿ.

ಸಿಗುವ ಲಾಭ

ಗಳಿಸುವುದು ಒಂದೇ, ಆದರೆ ದೊಡ್ಡದು: ಮೂತಿ ತಾಗದೆ ಹತ್ತುವ ಕೋನ. ಮುಂದಿನ ಟೈರ್ ನೆಲ ಮುಟ್ಟುವ ಜಾಗದಿಂದ ಪಟ್ಟಿ 75 ಸೆಂ.ಮೀ. ಮುಂದಿದ್ದು, ನೆಲದಿಂದ 25 ಸೆಂ.ಮೀ. ಎತ್ತರದಲ್ಲಿದ್ದರೆ ಕೋನ ಸುಮಾರು 18 ಡಿಗ್ರಿ. ಪಟ್ಟಿ ತೆಗೆದ ಮೇಲೆ ಬಂಪರ್‌ನ ಅಂಚು 36 ಸೆಂ.ಮೀ.ಗೆ ಏರಿತು ಎಂದಿಟ್ಟುಕೊಳ್ಳಿ, ಕೋನ 25 ಡಿಗ್ರಿ ದಾಟುತ್ತದೆ. ಭದ್ರಾ ಕಾಲುವೆಯ ಏರಿ, ಮಳೆಗೆ ಕೊರೆದ ಬಂಡಿದಾರಿ, ಅಂಗಳಕ್ಕೆ ಹತ್ತುವ ಕಡಿದಾದ ಇಳುಕಲು ಇಂಥ ಕಡೆ ಇದು ತಾಗುವುದಕ್ಕೂ ದಾಟುವುದಕ್ಕೂ ಇರುವ ಅಂತರ. ನಿಮ್ಮ ಗಾಡಿಯ ಅಳತೆಯನ್ನು ನೀವೇ ತೆಗೆಯಿರಿ, ಲೋಡ್ ತುಂಬಿದಾಗಲೇ ತೆಗೆಯಿರಿ.

ಕಳೆದುಕೊಳ್ಳುವುದು ಎಷ್ಟು?

ಡೀಸೆಲ್ ಲೆಕ್ಕ ಮೊದಲು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 40ರಿಂದ 80ಕ್ಕೆ ಏರಿದರೆ ತಡೆ ನಾಲ್ಕು ಪಟ್ಟು. ಸಾಧಾರಣ ಪಿಕಪ್ ಒಂದರ ಮೇಲೆ 80 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು 400 ನ್ಯೂಟನ್ ಬಲದಿಂದ ಒತ್ತುತ್ತದೆ. ಪಟ್ಟಿ ಬಿಚ್ಚಿದ್ದರಿಂದ ಅದು ಶೇ 3ರಷ್ಟು ಹೆಚ್ಚಿತು ಎಂದುಕೊಳ್ಳೋಣ. 12 ನ್ಯೂಟನ್ ಆಯಿತು. 100 ಕಿ.ಮೀ. ಓಡಿದರೆ 12 ಲಕ್ಷ ಜೂಲ್. ಒಂದು ಲೀಟರ್ ಡೀಸೆಲ್‌ನಲ್ಲಿರುವ ಸುಮಾರು 3.6 ಕೋಟಿ ಜೂಲ್ ಶಕ್ತಿಯಲ್ಲಿ ಮೂರನೇ ಒಂದು ಭಾಗ, ಅಂದರೆ 1.2 ಕೋಟಿ, ಗಾಲಿಗೆ ಸಿಗುತ್ತದೆ. ಹಾಗಾದರೆ 100 ಕಿ.ಮೀ.ಗೆ ನಷ್ಟ ಲೀಟರಿನ ಹತ್ತನೇ ಒಂದು ಭಾಗ. ಚಿತ್ರದುರ್ಗದಿಂದ ಈರುಳ್ಳಿ ತುಂಬಿಕೊಂಡು ರಾಷ್ಟ್ರೀಯ ಹೆದ್ದಾರಿ 48ರಲ್ಲಿ 200 ಕಿ.ಮೀ. ದೂರದ ಬೆಂಗಳೂರು ಮುಟ್ಟುವ ಹೊತ್ತಿಗೆ 200 ಮಿ.ಲೀ. ಹೋಯಿತು. ಕ್ಯಾಬಿನ್‌ಗಿಂತ ಮೇಲೆ ಪೇರಿಸಿದ ಚೀಲ, ಸಡಿಲವಾಗಿ ಪಟಪಟ ಬಡಿಯುವ ತಾಡಪಾಲು ಇದಕ್ಕಿಂತ ಹೆಚ್ಚು ಕುಡಿಯುತ್ತವೆ. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಲದ ದಾರಿಯ 30–40 ಕಿ.ಮೀ. ವೇಗದಲ್ಲಂತೂ ಈ ನಷ್ಟ ಇದ್ದೂ ಇಲ್ಲದಂತೆ.

ಇಷ್ಟು ಸಣ್ಣ ವ್ಯತ್ಯಾಸವನ್ನು ಒಂದು ಟ್ಯಾಂಕಿನಲ್ಲಿ ಅಳೆಯಲಾಗದು. ನೋಡಲೇಬೇಕೆಂದರೆ ಒಂದೇ ಬಂಕ್, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಲೋಡ್ ಇಟ್ಟುಕೊಂಡು, ನಳಿಕೆ ಮೊದಲ ಸಲ ತಾನಾಗಿ ನಿಂತಾಗ ನಿಲ್ಲಿಸಿ, ಬಿಚ್ಚುವ ಮೊದಲು ಮೂರು ಟ್ಯಾಂಕ್, ಆಮೇಲೆ ಮೂರು ಟ್ಯಾಂಕ್ ಲೆಕ್ಕ ಇಡಿ.

ಎಂಜಿನ್ ಬಿಸಿಯ ವಿಚಾರ ಡೀಸೆಲ್‌ಗಿಂತ ಮುಖ್ಯ. ನಿಧಾನ ಹೋಗುವಾಗ ರೇಡಿಯೇಟರ್‌ಗೆ ಗಾಳಿ ಎಳೆಯುವುದು ಫ್ಯಾನ್. ಹೆದ್ದಾರಿಯಲ್ಲಿ ಬಹುಪಾಲು ಎದುರುಗಾಳಿಯೇ ಆ ಕೆಲಸ ಮಾಡುತ್ತದೆ. ಪಟ್ಟಿಯ ಪಾತ್ರ ಇರುವುದು ಈ ಎರಡನೆಯದರಲ್ಲಿ. ಆದ್ದರಿಂದ ದಾವಣಗೆರೆ ಎಪಿಎಂಸಿಯ ಸಾಲಿನಲ್ಲಿ ನಿಂತಾಗ ಗಾಡಿ ಕಾದರೆ ತಪ್ಪು ಪಟ್ಟಿಯದ್ದಲ್ಲ, ಫ್ಯಾನ್, ಕೂಲೆಂಟ್, ಕಟ್ಟಿಕೊಂಡ ರೇಡಿಯೇಟರ್ ನೋಡಿ. ಏಪ್ರಿಲ್ ಬಿಸಿಲಲ್ಲಿ, ಪೂರ್ತಿ ಲೋಡ್ ಹೊತ್ತು, ಏಸಿ ಹಾಕಿಕೊಂಡು ಹೆದ್ದಾರಿಯ ಉದ್ದನೆಯ ಏರು ಹತ್ತುವಾಗ ಮುಳ್ಳು ಏರಿದರೆ ಪಟ್ಟಿಯ ಮೇಲೆ ಅನುಮಾನ ಪಡಬಹುದು. ಡ್ಯಾಶ್‌ಬೋರ್ಡ್ ಮುಳ್ಳು ತಡವಾಗಿ ಮಾತಾಡುತ್ತದೆ. ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಸಣ್ಣ ಸಾಧನ, ಓಬಿಡಿ ರೀಡರ್, ಚುಚ್ಚಿ ಮೊಬೈಲಿನಲ್ಲಿ ಕೂಲೆಂಟ್ ತಾಪ ನೋಡುವುದು ಮೇಲು. ಬಹಳಷ್ಟು ಎಂಜಿನ್‌ಗಳು 85ರಿಂದ 100 ಡಿಗ್ರಿಯೊಳಗೆ ಇರುತ್ತವೆ. ಬಿಚ್ಚುವ ಮೊದಲು ಅದೇ ಏರಿನಲ್ಲಿ ಎಷ್ಟಿತ್ತೋ ಅದಕ್ಕಿಂತ ಏಳೆಂಟು ಡಿಗ್ರಿ ಹೆಚ್ಚು ಬಂದು ಇಳಿಯದೆ ನಿಂತರೆ ಪಟ್ಟಿ ವಾಪಸ್ ಹಾಕಿ.

ಸ್ಟೀರಿಂಗ್ ಹಗುರಾಗುತ್ತದೆ ಎಂಬ ಹೆದರಿಕೆ ನಮ್ಮ ವೇಗಗಳಿಗೆ ಹೆಚ್ಚಿನ ಮಾತು. ಜೋಗಿಮಟ್ಟಿ ಸುತ್ತಲಿನ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿಗೆ ಗಾಡಿ ವಾಲುವುದು ಲೋಡ್‌ನ ಎತ್ತರದಿಂದ, ಪಟ್ಟಿಯಿಂದಲ್ಲ.

ಸುಗ್ಗಿ ಕಾಲದ ಅಪಾಯ ಮಾತ್ರ ನಿಜ. ಹುರುಳಿ, ರಾಗಿ ಹುಲ್ಲನ್ನು ಟಾರು ರಸ್ತೆಯ ಮೇಲೇ ಹರವಿ ಗಾಡಿಗಳಿಂದ ತುಳಿಸುವ ಒಕ್ಕಣೆ ಇನ್ನೂ ನಿಂತಿಲ್ಲ. ಪಟ್ಟಿ ಇದ್ದರೆ ಒಂದಷ್ಟು ಹುಲ್ಲನ್ನು ಪೊರಕೆಯಂತೆ ಮುಂದೆ ತಳ್ಳುತ್ತದೆ. ಇಲ್ಲದಿದ್ದರೆ ಹುಲ್ಲು ನೇರ ಒಳಗೆ ಹೋಗಿ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಮೇಲೆ ಕೂರುತ್ತದೆ. ಬಿಎಸ್-6 ಡೀಸೆಲ್ ಗಾಡಿಯ ಮಸಿ ಫಿಲ್ಟರ್ ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳುವಾಗ ಅದರೊಳಗಿನ ತಾಪ 600 ಡಿಗ್ರಿ ಆಸುಪಾಸು ಮುಟ್ಟುತ್ತದೆ. ಒಣಹುಲ್ಲಿಗೆ ಅಷ್ಟು ಬೇಕೇ? ಪಟ್ಟಿ ಬಿಚ್ಚಿದವರು ಅಂಥ ರಸ್ತೆ ದಾಟಿದ ಕೂಡಲೇ ನಿಲ್ಲಿಸಿ ಕೆಳಗೆ ಇಣುಕುವುದನ್ನು ರೂಢಿ ಮಾಡಿಕೊಳ್ಳಬೇಕು. ಕೆಸರು, ಕಲ್ಲುಪುಡಿ ಕೂಡ ಮೊದಲಿಗಿಂತ ಹೆಚ್ಚು ಒಳಬರುತ್ತವೆ. ಫ್ಯಾನ್ ಬೆಲ್ಟ್ ಮತ್ತು ಏಸಿ ಕಂಡೆನ್ಸರ್ ಅನ್ನು ಹದಿನೈದು ದಿನಕ್ಕೊಮ್ಮೆ ನೋಡಿ, ಕಂಡೆನ್ಸರ್‌ಗೆ ಹಿಂದಿನಿಂದ ಮುಂದಕ್ಕೆ ಮೆತ್ತಗೆ ನೀರು ಬಿಡಿ.

ಕಾನೂನು ಮತ್ತು ವಾರಂಟಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುವುದು ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ಹೊಂದದಂಥ ಬದಲಾವಣೆಯನ್ನು. ಏರ್ ಡ್ಯಾಮ್ ಆರ್‌ಸಿಯಲ್ಲಿ ನಮೂದಾಗುವ ವಿವರವಲ್ಲ. ಆದರೆ ಪಟ್ಟಿ ತೆಗೆದ ಜಾಗಕ್ಕೆ ಕಬ್ಬಿಣದ ಪೈಪಿನ ಗಾರ್ಡ್ ಬೆಸೆಯಿಸಿದರೆ ಕಥೆ ಬೇರೆ. ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ವಾರಂಟಿ ಇರುವ ಗಾಡಿಯಾದರೆ, ಎಂಜಿನ್ ಬಿಸಿಯ ಕ್ಲೇಮು ಬಂದಾಗ ಪಟ್ಟಿ ಎಲ್ಲಿ ಎಂಬ ಪ್ರಶ್ನೆ ಎದುರಾಗಬಹುದು. ಸರ್ವಿಸಿಗೆ ಬಿಡುವ ಮುಂಚೆ ಹಾಕಿಕೊಂಡು ಹೋಗುವುದು ಜಾಣತನ.

ನಡುದಾರಿಗಳು

ವಾರದಲ್ಲಿ ನಾಲ್ಕು ದಿನ ಹೊಲ, ಎರಡು ದಿನ ಹೆದ್ದಾರಿ ಎನ್ನುವವರಿಗೆ ಪಟ್ಟಿಯನ್ನು 4–5 ಸೆಂ.ಮೀ. ಕಿರಿದು ಮಾಡುವುದು ಒಳ್ಳೆಯದು. ಬಿಚ್ಚಿ ನೆಲಕ್ಕಿಟ್ಟು ಗೆರೆ ಎಳೆದು ಜಿಗ್‌ಸಾದಲ್ಲಿ ಕತ್ತರಿಸಿ. ಗ್ರೈಂಡರ್ ಹಿಡಿದರೆ ಅಂಚು ಕರಗಿ ಗಂಟುಗಟ್ಟುತ್ತದೆ. ಇನ್ನೊಂದು ಉಪಾಯ, ಗಣಿ ಅಥವಾ ಅಕ್ಕಿ ಗಿರಣಿಯ ಹಳೆಯ ಕನ್ವೇಯರ್ ಬೆಲ್ಟಿನ 5–6 ಮಿ.ಮೀ. ದಪ್ಪದ ತುಂಡು. ಬದು ತಾಗಿದರೆ ಮಡಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಅದು ಭಾರ, ಬರಿಯ ಬೋಲ್ಟಿಗೆ ತೂಗುಹಾಕಿದರೆ ಬಂಪರ್‌ನ ತೂತು ಹರಿಯುತ್ತದೆ. ಮೇಲೆ 25 ಮಿ.ಮೀ. ಅಗಲದ ಕಬ್ಬಿಣದ ಪಟ್ಟಿ ಇಟ್ಟು ಅದರ ಮೂಲಕ ಬೋಲ್ಟ್ ಹಾಕಬೇಕು.

ನಮ್ಮ ಆಯ್ಕೆ ಇವೆರಡೂ ಅಲ್ಲ. ಮೆಕ್ಕೆಜೋಳ ಕೊಯ್ಲಿನ ಅಕ್ಟೋಬರ್–ನವೆಂಬರಿನಲ್ಲಿ ಗಾಡಿ ಹೊಲ ಬಿಟ್ಟು ಕದಲುವುದಿಲ್ಲ; ಆಗ ಬಿಚ್ಚಿ. ಬೇಸಿಗೆಯ ದೂರದ ಬಾಡಿಗೆ ಶುರುವಾಗುವ ಮುಂಚೆ ಹಾಕಿ. ಬಿಚ್ಚಿದ ಪಟ್ಟಿಯನ್ನು ಚಾವಣಿ ಮೇಲೆ ಎಸೆದರೆ ಬಿಸಿಲಿಗೆ ಸೊಟ್ಟಗಾಗುತ್ತದೆ. ನೆರಳಿನಲ್ಲಿ, ಗೋಡೆಗೆ ಮೂರು ಮೊಳೆ ಹೊಡೆದು ಉದ್ದಕ್ಕೆ ಮಲಗಿಸಿ, ಬೋಲ್ಟ್‌ಗಳನ್ನು ಡಬ್ಬಿಯಲ್ಲಿ ಅದರ ಪಕ್ಕದಲ್ಲೇ ನೇತುಹಾಕಿ. ಮತ್ತೆ ಹಾಕುವ ದಿನ ಅರ್ಧ ಗಂಟೆ ಬಿಸಿಲಿಗಿಟ್ಟರೆ ಮೆತ್ತಗಾಗಿ ಜಾಗಕ್ಕೆ ಕೂರುತ್ತದೆ. ಈ ಸಲ ನಡುವಿನ ಬೋಲ್ಟ್ ಮೊದಲು, ತುದಿಯವು ಕೊನೆಗೆ. ತುಂಬಿಸಿದ್ದ ವಾಷರ್‌ಗಳನ್ನು ತೆಗೆಯುವುದು ಮರೆಯಬೇಡಿ.