ಜಾಮ್ ಎಂಟನೇ ಮೈಲಿಯಲ್ಲಿ, ದಾರಿ ದಾಬಸ್‌ಪೇಟೆಯಲ್ಲಿ

ಸಂಜೆ ಐದೂವರೆ. ಬೆಂಗಳೂರಿನ ತುಮಕೂರು ರಸ್ತೆ, ಎಂಟನೇ ಮೈಲಿ ಹತ್ತಿರ ಸರ್ವಿಸ್ ರಸ್ತೆಯಲ್ಲಿ ನಿಂತಿದ್ದ ಲಾರಿ ಪಕ್ಕ ಸರ್ವೆ ಹಾಳೆ ಹಿಡಿದು ನಿಂತಿದ್ದೆ. ದಾವಣಗೆರೆ ಮೆಕ್ಕೆಜೋಳ, ನಾಮಕ್ಕಲ್‌ನ ಕೋಳಿ ಫಾರಂಗಳಿಗೆ ಹೊರಟಿತ್ತು. "ಬೆಂಗಳೂರಲ್ಲಿ ಏನು ಕೆಲಸ?" ಅಂತ ಕೇಳಿದೆ. "ನನಗಿಲ್ಲಿ ಏನೂ ಕೆಲಸ ಇಲ್ಲ ಸಾರ್. ದಾರಿ ಇಲ್ಲೇ ಹೋಗುತ್ತಲ್ಲ, ಅದಕ್ಕೆ ಬಂದೆ. ಹಗಲು ಲಾರಿ ಬಿಡಲ್ಲ, ರಾತ್ರಿಯಾಗಿ ಊರೊಳಗೆ ಬಿಡೋವರೆಗೂ ಕಾಯ್ಬೇಕು" ಅಂದರು ಚಾಲಕರು.

ಅದು 2022. ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು, ಅದರ ಮೇಲೆ ಭಾರಿ ವಾಹನ ಬಿಡುವುದನ್ನು ನಿಲ್ಲಿಸಿದ್ದರು. ಲಾರಿ, ಬಸ್ಸು ಎಲ್ಲಾ ಕೆಳಗೆ ಬಂದಿದ್ದವು. ಗೊರಗುಂಟೆಪಾಳ್ಯದಿಂದ ತುಮಕೂರಿನವರೆಗೆ ಸಂಚಾರ ಸಮೀಕ್ಷೆ ಮಾಡುವ ತಂಡದಲ್ಲಿ ನಾನಿದ್ದೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಒಂದೊಂದು ವಾಹನ ಎಷ್ಟು ಕಾರಿಗೆ ಸಮ ಅಂತ ನೋಡಿ, ಕಾರಿಗೆ ಒಂದು, ಲಾರಿಗೆ ಮೂರು, ಟ್ರೈಲರ್‌ಗೆ ನಾಲ್ಕೂವರೆ, ಬೈಕಿಗೆ ಅರ್ಧ ಅಂತ ಲೆಕ್ಕ ಹಾಕಿ ಕೂಡಿದೆವು. ಈ ಲೆಕ್ಕದಿಂದ ಬರುವ ಉತ್ತರ ಯಾವಾಗಲೂ ಒಂದೇ: ರಸ್ತೆ ಅಗಲ ಮಾಡಿ. ಇನ್ನೊಂದು ತಪ್ಪೂ ಆಯಿತು. ವಾಡಿಕೆಯಂತೆ ಮಂಗಳವಾರದಿಂದ ಗುರುವಾರದವರೆಗೆ ಮಾತ್ರ ಎಣಿಸಿದ್ದೆ. ಒಬ್ಬ ಕಂಡಕ್ಟರ್ ಹೇಳಿದರು, "ಸೋಮವಾರ ಬೆಳಗಿನ ಜಾವ ಬಂದು ನೋಡಿ." ಹೋದೆ. ಊರಿಗೆ ಹೋದವರೆಲ್ಲ ಒಂದೇ ಹೊತ್ತಿಗೆ ವಾಪಸ್ ಬರುತ್ತಿದ್ದರು. ಹುಬ್ಬಳ್ಳಿ ಕಡೆಯ 48ನೇ ಹೆದ್ದಾರಿ, ಹಾಸನ–ಮಂಗಳೂರು ಕಡೆಯ 75ನೇ ಹೆದ್ದಾರಿ ಎರಡೂ ನೆಲಮಂಗಲದಲ್ಲಿ ಸೇರುತ್ತವೆ. ಅಲ್ಲಿಂದ ಮುಂದೆ ಅರ್ಧ ಕರ್ನಾಟಕ ಒಂದೇ ಬಾಯಲ್ಲಿ ತೂರಬೇಕು. ಅದಕ್ಕೆ ಪೀಣ್ಯದ ಕಾರ್ಖಾನೆಗಳ ಶಿಫ್ಟ್ ಬೇರೆ.

ಆದರೆ ನನ್ನ ಕಣ್ಣು ತೆರೆಸಿದ್ದು ಬಸ್ ನಿಲ್ದಾಣ. ರಾತ್ರಿಗಾಗಿ ಕಾಯುವ ಲಾರಿಗಳು ಸರ್ವಿಸ್ ರಸ್ತೆ ತುಂಬಿಕೊಂಡಿರುತ್ತವೆ. ಹಾಗಾಗಿ ಬಸ್ಸು ಒಳಗೆ ಬರಲು ಆಗುವುದಿಲ್ಲ, ಮುಖ್ಯ ರಸ್ತೆಯಲ್ಲೇ ನಿಲ್ಲುತ್ತದೆ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಊಟದ ಬುತ್ತಿ ಎತ್ತಿಕೊಂಡು ಲಾರಿಗಳ ಸಂದಿಯಲ್ಲಿ ನುಸುಳಿ ಓಡಿ ಬಂದು ಹತ್ತುತ್ತಾರೆ. ಅಷ್ಟರಲ್ಲಿ ಹಿಂದೆ ಒಂದು ಲೇನ್ ಪೂರ್ತಿ ನಿಂತಿರುತ್ತದೆ. ಬಸ್ಸು ಹೊರಟರೂ ಆ ಸಾಲು ಕರಗುವುದಿಲ್ಲ, ಏಕೆಂದರೆ ಇನ್ನೊಂದು ಬಸ್ಸು ಬಂದಿರುತ್ತದೆ. ಇದಕ್ಕೆಲ್ಲ ಮೂಲ ಆ ಮೆಕ್ಕೆಜೋಳದ ಲಾರಿ, ಅಲ್ವಾ? ಬೆಂಗಳೂರೇ ಬೇಡದ ಲಾರಿ.

ಹಾಗಾಗಿ ಯೋಜನೆಯನ್ನು ನಗರದ ಹೊರಗಿನಿಂದ ಬರೆದೆವು. ತುಮಕೂರು ಕಡೆಯಿಂದ ಬಂದರೆ ನೆಲಮಂಗಲಕ್ಕೂ ಮೊದಲು ಸಿಗುವ ದಾಬಸ್‌ಪೇಟೆಯಲ್ಲೇ ಲಾರಿಗಳನ್ನು, ನಗರದ ಹೊರಗೇ ಸುತ್ತಿ ಹೋಗುವ ಸ್ಯಾಟಲೈಟ್ ರಿಂಗ್ ರಸ್ತೆಗೆ ತಿರುಗಿಸಿ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಗೆ ಬಿಡುವುದು. ಸುಮ್ನೆ ರಸ್ತೆ ಹಾಕಿದರೆ ಸಾಲದು, ಚಾಲಕರು ಡೀಸೆಲ್, ಟೋಲ್ ಎರಡನ್ನೂ ಲೆಕ್ಕ ಹಾಕುತ್ತಾರೆ. ಅದಕ್ಕೇ ಭಾರಿ ವಾಹನಕ್ಕೆ ಟೋಲ್ ರಿಯಾಯಿತಿ ಕೊಡಿ, ತಿರುವಿಗೆ ಮುಂಚೆಯೇ ಕನ್ನಡ, ಹಿಂದಿ, ತಮಿಳಿನಲ್ಲಿ ದೊಡ್ಡ ಬೋರ್ಡ್ ಹಾಕಿ ಅಂತ ಬರೆದೆವು. ನಗರಕ್ಕೇ ಬರುವ ಲಾರಿಗಳಿಗೆ ನೆಲಮಂಗಲದ ಆಚೆ ತಂಗುದಾಣ. ಸೋಮವಾರದ ಜನರಿಗೆ ತುಮಕೂರು–ಯಶವಂತಪುರ ನಡುವೆ ಜಾಸ್ತಿ ರೈಲು.

ಒಂದು ಕಚೇರಿ ಕಡತ ವಾಪಸ್ ಕಳಿಸಿತು. "ಇದು ನಮ್ಮ ಸರಹದ್ದಲ್ಲ." ಬೇಜಾರಾಯಿತು. ಆಮೇಲೆ ತುಮಕೂರಿನಿಂದ ಹೊಸೂರಿನವರೆಗೆ ಒಂದೇ ನಕ್ಷೆ ಮಾಡಿಸಿದೆ, ಜಿಲ್ಲೆ–ತಾಲೂಕಿನ ಗೆರೆ ಒಂದೂ ಇಲ್ಲದೆ. ಮುಂದಿನ ಸಭೆಯಲ್ಲಿ ಅದನ್ನು ನೆಲದ ಮೇಲೆ ಹಾಸಿದೆ. ಪೊಲೀಸರು, ಬಸ್ಸಿನವರು, ಹೆದ್ದಾರಿಯವರು ಸುತ್ತ ಕುಕ್ಕರಗಾಲಲ್ಲಿ ಕೂತರು. ಮೆಕ್ಕೆಜೋಳದ ಲಾರಿಯ ದಾರಿಯನ್ನು ಕೆಂಪು ಪೆನ್ನಿನಲ್ಲಿ ಎಳೆದು ತೋರಿಸಿದೆ. ಅವತ್ತು ಸರಹದ್ದಿನ ಮಾತು ಯಾರೂ ಎತ್ತಲಿಲ್ಲ.

2024ರ ಮಾರ್ಚ್‌ನಲ್ಲಿ ದಾಬಸ್‌ಪೇಟೆ–ದೊಡ್ಡಬಳ್ಳಾಪುರ ಭಾಗ ಉದ್ಘಾಟನೆಯಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಮೆಟ್ರೊ ಮಾದಾವರಕ್ಕೆ ಬಂತು. ತುಮಕೂರು ಕಡೆಯಿಂದ ಬಂದವರು ಅಲ್ಲೇ ಇಳಿದು ರೈಲು ಹತ್ತಬಹುದು. ಆ ಕಡೆ ಹೋದಾಗಲೆಲ್ಲ ದಾಬಸ್‌ಪೇಟೆ ತಿರುವಿನಲ್ಲಿ ಐದು ನಿಮಿಷ ಗಾಡಿ ನಿಲ್ಲಿಸುತ್ತೇನೆ. ಎಡಕ್ಕೆ ತಿರುಗುವ ಲಾರಿಗಳನ್ನು ಎಣಿಸುತ್ತೇನೆ.