ಮೊಳಕೆ ರಾಗಿ ಕೆಡದಂತೆ ಇಡೋದು ಹೇಗೆ?

ಮಾಲ್ಟಿಗೆ ಅಂತ ಮೊಳಕೆ ಕಟ್ಟಿದ ರಾಗಿಯನ್ನು ಒಂದೇ ಸಲ ಪೂರ್ತಿ ಹಿಟ್ಟು ಮಾಡಿಸಬೇಡಿ. ಕಾಳು ತಿಂಗಳುಗಟ್ಟಲೆ ಇರುತ್ತದೆ, ಹಿಟ್ಟು ಬೇಗ ಮುಗ್ಗುತ್ತದೆ. 15 ದಿನಕ್ಕಾಗುವಷ್ಟು ಬೀಸಿಸಿದರೆ ಸಾಕು.

ಒಣಗಿದೆಯಾ ಅಂತ ನೋಡಲು ನಾಲ್ಕು ಕಾಳು ಕಚ್ಚಿ. ಕಟಕ್ ಅನ್ನಬೇಕು. ಮೆತ್ತಗಿದ್ದರೆ ಇನ್ನೊಂದು ಬಿಸಿಲು ಕೊಡಿ. ಆಮೇಲೆ ಅಂಗೈಯಲ್ಲಿ ಉಜ್ಜಿ, ಉದುರಿದ ಬೇರನ್ನು ಮೊರದಲ್ಲಿ ಕೇರಿಬಿಡಿ. ತೇವ ಜಾಸ್ತಿ ಎಳೆಯೋದು ಆ ಬೇರೇ.

ಸಣ್ಣ ಉರಿಯಲ್ಲಿ ಘಮ ಬರುವಂತೆ ಹುರಿದು, ಪೂರ್ತಿ ಆರಿದ ಮೇಲೆಯೇ ಸ್ಟೀಲ್ ಡಬ್ಬಕ್ಕೆ ತುಂಬಿ. ಕಳೆದ ಮಳೆಗಾಲದಲ್ಲಿ ನಾನು ಅವಸರಪಟ್ಟು ಬೆಚ್ಚಗಿರುವಾಗಲೇ ಮುಚ್ಚಿಟ್ಟೆ. ಮುಚ್ಚಳದೊಳಗೆಲ್ಲ ಹನಿ, ವಾರದಲ್ಲೇ ಬೂಷ್ಟು. ಎರಡು ಸೇರು ರಾಗಿ ಸುಮ್ನೆ ತಿಪ್ಪೆಗೆ ಹೋಯ್ತು!

ಫ್ರಿಜ್ಜಿನಲ್ಲಿ ಇಡುವವರು ಡಬ್ಬ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ, ತಣ್ಣಗಿನ ಕಾಳಿಗೆ ತೇವ ಕೂರುತ್ತದೆ.