ಅಪ್ಪನ ಸೈಕಲ್ಲಿಗೆ ಇದ್ದದ್ದು, ನನ್ನದಕ್ಕೆ ಇಲ್ಲದ್ದು

ಪುಣೆಯಲ್ಲಿ ಕೋಥ್ರೂಡ್ ಬಸ್ ಡಿಪೋ ದಾಟಿದ ಕೂಡಲೇ ಚಾಂದಣಿ ಚೌಕದ ಏರು ಶುರುವಾಗುತ್ತದೆ. ಸೈಕಲ್ಲಿನಲ್ಲಿ ಆಫೀಸಿಗೆ ಹೊರಟ ಮೊದಲ ದಿನ ಆ ಏರಿನ ಅರ್ಧದಲ್ಲೇ ಇಳಿದು ತಳ್ಳಿದೆ. ಪಕ್ಕದಲ್ಲಿ ಹೋಗುತ್ತಿದ್ದ ರಿಕ್ಷಾದವನು ತಲೆ ಹೊರಗೆ ಹಾಕಿ "ಪಂಕ್ಚರ್ ಝಾಲಾ ಕಾ?" ಅಂತ ಕೇಳಿದ. ಹೌದು ಅಂದೆ. ದಮ್ಮು ಹತ್ತಿದೆ ಅನ್ನಲು ನಾಚಿಕೆ.

ನನ್ನ ಮನೆ ಕೋಥ್ರೂಡಿನಲ್ಲಿ, ಕೆಲಸ ಪಾಷಾಣದಲ್ಲಿ. (ಕೆಲಸ ಸಿಕ್ಕಾಗ ಗದಗಿನಲ್ಲಿದ್ದ ಅಮ್ಮ ಆ ಹೆಸರು ಕೇಳಿ ಗಾಬರಿಯಾಗಿದ್ದಳು. ಅವಳಿಗೆ ಗೊತ್ತಿದ್ದದ್ದು ಇಲಿಪಾಷಾಣ ಒಂದೇ.) ಹೋಗಿ ಬರಲು ಸುಮಾರು 18 ಕಿಲೋಮೀಟರ್. ಹೋಗುವಾಗ ಚೌಕದವರೆಗೆ ಏರು, ಆಮೇಲೆ ಬಾವಧನ್ ಕಡೆಗೆ ಇಳಿಜಾರು. ಬರುವಾಗ ಅದೇ ತಿರುಗುಮುರುಗು. ಎರಡೂ ಹೊತ್ತು ಹತ್ತಲೇಬೇಕು.

ನಾನು ಕೊಂಡದ್ದು 6,500 ರೂಪಾಯಿಯ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಸೈಕಲ್ಲು, ಅಂದರೆ ರೋಡ್ ಬೈಕಿಗೂ ಮೌಂಟನ್ ಬೈಕಿಗೂ ನಡುವಿನದ್ದು. ನೋಡಲು ಚೆಂದವಿತ್ತು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಚೈನ್ ಕವರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಅಪ್ಪ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದ ಕಪ್ಪು ಅಟ್ಲಾಸ್ ಸೈಕಲ್ಲಿಗೆ ಇವೆಲ್ಲ ಇದ್ದವು. ಡೈನಮೋ ಕೂಡ ಇತ್ತು. ಆಗ ನಮಗೆ ಅದು ಮುದುಕರ ಸೈಕಲ್ಲು. ಮುಂದಿನ ಎಂಟು ತಿಂಗಳು ನಾನು ದುಡ್ಡು ಕೊಟ್ಟು ಕೊಟ್ಟು ನನ್ನ ಸೈಕಲ್ಲನ್ನು ಅದರ ಹಾಗೆ ಮಾಡಿಕೊಂಡೆ, ಗೇರ್ ಒಂದನ್ನು ಬಿಟ್ಟು.

ಗೇರಿನ ವಿಷಯವನ್ನೇ ಮೊದಲು ಹೇಳುತ್ತೇನೆ. ಏಕೆಂದರೆ ಏರು ಹತ್ತಲಾಗದೆ ಎಷ್ಟೋ ಜನ ಎರಡೇ ವಾರಕ್ಕೆ ಸೈಕಲ್ ಮೂಲೆಗೆ ಹಾಕುತ್ತಾರೆ. ತಪ್ಪು ಕಾಲಿನದ್ದು ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮ ಓಣಿಯ ತುದಿಯಲ್ಲಿ ಒಬ್ಬ ಸೈಕಲ್ ಮೇಸ್ತ್ರಿ ಇದ್ದಾರೆ. ನನ್ನ ಹರಕು ಮರಾಠಿ ಕೇಳಿ ಎರಡನೇ ದಿನವೇ "ಯಾವೂರ್ರೀ ಸರ?" ಅಂದರು. ಅವರ ಊರು ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ. ಮನೆಮಾತು ಕನ್ನಡ. ಅವತ್ತಿನಿಂದ ಅವರು ನನಗೆ ಕಾಕಾ. ಅವರು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಹಲ್ಲು ಎಣಿಸಿದರು. ಮುಂದೆ, ಪೆಡಲಿನ ಹತ್ತಿರ, 46 ಹಲ್ಲಿನ ಒಂದೇ ಚೈನ್‌ವೀಲ್. ಹಿಂದೆ ಏಳು ಗೇರಿನ ಫ್ರೀವೀಲ್, ಅಂದರೆ ಏಳು ಹಲ್ಲುಚಕ್ರಗಳ ಜೋಡಣೆ. ಅದರ ದೊಡ್ಡ ಚಕ್ರಕ್ಕೆ 28 ಹಲ್ಲು. "ಸರ, ಈ ಗಾಡಿ ಸಪಾಟ ರಸ್ತೇಕ ಮಾಡ್ಯಾರ್ರೀ. ನಿಮ್ಮ ಘಾಟಿಗೆ ಇದು ಬರಂಗಿಲ್ಲ. ಮುಂದಿಂದ ಸಣ್ಣದ ಮಾಡ್ರಿ, ಹಿಂದಿಂದ ದೊಡ್ಡದ ಮಾಡ್ರಿ."

ಲೆಕ್ಕ ಸುಲಭ. 46ನ್ನು 28ರಿಂದ ಭಾಗಿಸಿದರೆ 1.64. ಅಂದರೆ ಅತಿ ಹಗುರದ ಗೇರಿನಲ್ಲೂ ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 1.64 ಸುತ್ತು ತಿರುಗಬೇಕು. ನನ್ನ ಟೈರಿನ ಅಳತೆ 700 × 35, ಅಂದರೆ ಅಗಲ 35 ಮಿಲಿಮೀಟರ್. ಒಂದು ಸುತ್ತಿಗೆ ಹತ್ತಿರ ಹತ್ತಿರ 2.17 ಮೀಟರ್ ಓಡುತ್ತದೆ. ಹಾಗಾಗಿ ಒಂದು ತುಳಿತಕ್ಕೆ ಮೂರೂವರೆ ಮೀಟರ್ ಏರನ್ನು ನನ್ನ ಮೊಣಕಾಲು ಎಳೆಯಬೇಕಿತ್ತು. ಮುಂದೆ 38, ಹಿಂದೆ 34 ಹಾಕಿಸಿದ ಮೇಲೆ ಅದು 2.4 ಮೀಟರಿಗೆ ಇಳಿಯಿತು. ವೇಗ ಕಮ್ಮಿ ಆಗುತ್ತದೆ, ನಿಜ. ಆದರೆ ತಳ್ಳಿಕೊಂಡು ಹೋಗುವುದಕ್ಕಿಂತ ಜಾಸ್ತಿಯೇ ಅಲ್ವಾ?

ಈ ಕೆಲಸಕ್ಕೆ ಹೊರಡುವ ಮುಂಚೆ ಮೂರು ಸಂಗತಿ ನೋಡಿಕೊಳ್ಳಬೇಕು. ಹಿಂದೆ ಚೈನನ್ನು ಆಚೀಚೆ ಸರಿಸುವ ಡಿರೈಲರ್ 34 ಹಲ್ಲಿನವರೆಗೆ ತಡೆಯುತ್ತದೆಯೇ ಅನ್ನುವುದು ಒಂದು. ನನ್ನದು ತಡೆಯಿತು. ಅಗ್ಗದ ಸೈಕಲ್ಲುಗಳಲ್ಲಿ ಮುಂದಿನ ಚೈನ್‌ವೀಲನ್ನು ಪೆಡಲಿನ ತೋಳಿಗೆ (ಕ್ರ್ಯಾಂಕಿಗೆ) ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆಗ ಬರೀ ಚಕ್ರ ಬದಲಾಯಿಸಲು ಬರುವುದಿಲ್ಲ, ಕ್ರ್ಯಾಂಕ್ ಸಮೇತ ಹೊಸದು ಬೇಕು. ನನಗೆ ಅದೇ ಆಯಿತು. ಇನ್ನು ಚೈನಿನ ಉದ್ದ. ಮೊದಲು ಮುಂದಿನ ಚಕ್ರದ ಮತ್ತು ಹಿಂದಿನ ದೊಡ್ಡ ಚಕ್ರದ ಹಲ್ಲು ಕೂಡಿದರೆ 74, ಈಗ 72. ಹೆಚ್ಚು ಕಮ್ಮಿ ಅದೇ ಉದ್ದ ಸಾಕು. ಆದರೂ ಹೊಸ ಚೈನ್ ಹಾಕಿಸಿದೆವು. ಕಾಕಾ ಉಕ್ಕಿನ ಸ್ಕೇಲು ಇಟ್ಟು ತೋರಿಸಿದರು. ಒಂದು ಪಿನ್ನನ್ನು ಸೊನ್ನೆಗೆ ಇಟ್ಟರೆ ಹೊಸ ಚೈನಿನ ಇನ್ನೊಂದು ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಾಯಿಸಿ. ಎಂಟನೇ ಒಂದು ಭಾಗ ಹೋಗಿದ್ದರೆ ಹಲ್ಲುಗಳೂ ಸವೆದಿರುತ್ತವೆ, ಖರ್ಚು ಡಬಲ್.

ಹಳೆ ಫ್ರೀವೀಲ್ ಬಿಚ್ಚಲು ಮಾತ್ರ ಹೆಣಗಾಡಿದೆವು. ಅದು ತುಳಿದಷ್ಟೂ ಬಿಗಿಯಾಗುತ್ತಾ ಹೋಗುವ ವಸ್ತು. ಅದರ ಖಾಸಾ ಪಾನಾ ಕೂರಿಸಿ, ಅದನ್ನು ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನು ಬಸ್ಸಿನ ಸ್ಟೇರಿಂಗಿನ ಹಾಗೆ ಇಬ್ಬರೂ ಹಿಡಿದು ತಿರುಗಿಸಬೇಕಾಯಿತು. ಅದಕ್ಕೂ ಮುಂಚೆ ನಾನು ಮನೆಯಲ್ಲೇ ಜಾಣತನ ಮಾಡಲು ಹೋಗಿ ಎಡಗಡೆ ಪೆಡಲನ್ನು ಅರ್ಧ ಗಂಟೆ ಬಿಗಿ ಮಾಡಿದ್ದೆ, ಬಿಚ್ಚುತ್ತಿದ್ದೇನೆ ಅಂದುಕೊಂಡು. ಎಡ ಪೆಡಲಿನ ಥ್ರೆಡ್ಡು ಉಲ್ಟಾ ಇರುತ್ತದೆ. ಕಾಕಾ ನಗಲಿಲ್ಲ. ಪಕ್ಕದಲ್ಲಿದ್ದ ಅವರ ಹುಡುಗ ನಕ್ಕ.

ಗೇರ್ ಸರಿಯಾದ ಮೇಲೆ ಮೊಣಕಾಲಿನ ಮುಂಭಾಗ ನೋಯತೊಡಗಿತು. ಇದಕ್ಕೆ ಒಂದು ಪೈಸೆಯೂ ಬೇಕಾಗಲಿಲ್ಲ. ಸಿಗ್ನಲ್ಲಿನಲ್ಲಿ ಎರಡೂ ಕಾಲು ನೆಲಕ್ಕೆ ಊರಬೇಕು ಅನ್ನುವ ಹೆದರಿಕೆಗೆ ಸೀಟನ್ನು ಕೆಳಗೆ ಇಳಿಸಿಕೊಂಡಿದ್ದೆ. ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದರೆ ಮೊಣಕಾಲು ಸ್ವಲ್ಪವೇ ಬಾಗುತ್ತದೆ. ಅದೇ ಎತ್ತರ. ನಾನು ಮೂರು ಸೆಂಟಿಮೀಟರ್ ಏರಿಸಿದೆ, ವಾರದಲ್ಲಿ ನೋವು ಹೋಯಿತು. ಮೊಣಕಾಲಿನ ಹಿಂಭಾಗ ನೋಯುತ್ತಿದ್ದರೆ ಸೀಟು ಜಾಸ್ತಿ ಎತ್ತರವಾಗಿದೆ ಅಂತ ಅರ್ಥ. ಸಿಗ್ನಲ್ಲಿನಲ್ಲಿ ಸೀಟಿನಿಂದ ಮುಂದಕ್ಕೆ ಇಳಿದು ನಿಂತರಾಯಿತು.

ಜೂನ್ ಬಂತು, ಮಳೆ ಬಂತು. ಮೊದಲ ಮಳೆಯ ದಿನ ಆಫೀಸಿನಲ್ಲಿ ಎಲ್ಲರೂ ನನ್ನ ಬೆನ್ನು ನೋಡಿ ನಗುತ್ತಿದ್ದರು. ಸೊಂಟದಿಂದ ಕುತ್ತಿಗೆಯವರೆಗೆ ಉದ್ದಕ್ಕೆ ಕೆಸರಿನ ನಾಮ. ಪ್ಲಾಸ್ಟಿಕ್ಕಿನ ಮೊಂಡು ಮಡ್‌ಗಾರ್ಡ್ ತಂದೆ, ಸೀಟಿನ ಕೆಳಗೆ ಸಿಕ್ಕಿಸುವಂಥದ್ದು. ದಂಡ. ಬೆನ್ನು ಉಳಿಯಿತು, ಆದರೆ ಮುಂದಿನ ಚಕ್ರದ ನೀರೆಲ್ಲ ಬೂಟಿನ ಒಳಗೆ. ಕೊನೆಗೆ ನಾನಾ ಪೇಠೆ ಅನ್ನುವ ಪೇಟೆಗೆ ಹೋಗಿ ಪೂರ್ತಿ ಉದ್ದದ್ದು ತಂದೆ. 35 ಮಿಲಿಮೀಟರ್ ಟೈರಿಗೆ 45 ಮಿಲಿಮೀಟರ್ ಅಗಲದ ಮಡ್‌ಗಾರ್ಡ್ ಸರಿ ಹೋಗುತ್ತದೆ. ಅದಕ್ಕಿಂತ ಇಕ್ಕಟ್ಟಾದರೆ ಕೆಸರು, ಎಲೆ ಸಿಕ್ಕಿಕೊಂಡು ಕರಕರ ಅನ್ನುತ್ತದೆ. ನನ್ನ ಸೈಕಲ್ಲಿನ ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ ಮಡ್‌ಗಾರ್ಡಿನ ಕಡ್ಡಿ ಕೂರಿಸಲು ತೂತೇ ಇರಲಿಲ್ಲ. ಕಾಕಾ ನೀರಿನ ಪೈಪಿಗೆ ಹಾಕುವ ಹೋಸ್ ಕ್ಲಿಪ್ಪನ್ನು ತಂದರು, ಬಣ್ಣ ಕೆಡದಿರಲಿ ಅಂತ ಕೆಳಗೆ ಹಳೆ ಟ್ಯೂಬಿನ ತುಂಡು ಸುತ್ತಿದರು, ಬಿಗಿದರು. ಎರಡು ಮಳೆಗಾಲ ಕಳೆದಿದೆ, ಅಲುಗಾಡಿಲ್ಲ. ಮುಂದಿನ ಮಡ್‌ಗಾರ್ಡಿನ ತುದಿಗೆ ಒಂದು ರಬ್ಬರ್ ಪಟ್ಟಿ ನೇತು ಹಾಕಿದ್ದೇನೆ. ಬೂಟು ಒದ್ದೆಯಾಗದೆ ಉಳಿದದ್ದು ಅದರಿಂದ.

ಮಳೆಯಲ್ಲೇ ನನಗೆ ಬ್ರೇಕಿನ ಪಾಠವೂ ಆಯಿತು. ಸಂಜೆ ಚೌಕದಿಂದ ಡಿಪೋ ಕಡೆಗೆ ಇಳಿಯುತ್ತಿದ್ದೆ. ಮುಂದೆ ಬಸ್ಸು ನಿಂತಿತು. ಬ್ರೇಕ್ ಹಿಡಿದೆ, ಏನೂ ಆಗಲಿಲ್ಲ. ರಿಮ್ಮಿನ ಮೇಲಿನ ನೀರು ಒರೆಸಿಕೊಂಡು ಹೋಗುವಷ್ಟರಲ್ಲಿ ನಾಲ್ಕೈದು ಮೀಟರ್ ಹೋಗಿಬಿಟ್ಟಿತ್ತು. ಬಸ್ಸಿನ ಎಡಕ್ಕೆ ಎಳೆದು ಫುಟ್‌ಪಾತಿಗೆ ಗುದ್ದಿ ನಿಂತೆ. ಮೊಣಕೈ ತರಚಿತು, ಅಷ್ಟೇ. ಮನೆಗೆ ಬಂದು ನೋಡಿದರೆ ಬ್ರೇಕ್ ಶೂ ಕಲ್ಲಿನ ಹಾಗೆ ಗಟ್ಟಿಯಾಗಿತ್ತು, ಅದರೊಳಗೆ ಅಲ್ಯುಮಿನಿಯಮ್ಮಿನ ಚೂರುಗಳು ಮಿನುಗುತ್ತಿದ್ದವು. ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ಶೂ ಬದಲಾಯಿಸುತ್ತೇನೆ. ರಿಮ್ಮನ್ನು ಬಟ್ಟೆಯಿಂದ ಉಜ್ಜುತ್ತೇನೆ. ಇಳಿಜಾರು ಶುರುವಾಗುವ ಮೊದಲೇ ಒಂದೆರಡು ಸಲ ಮೆಲ್ಲಗೆ ಬ್ರೇಕ್ ಹಿಡಿದು ನೀರು ಒರೆಸಿಕೊಳ್ಳುತ್ತೇನೆ. ಅಪ್ಪನ ಸೈಕಲ್ಲಿನ ಹೊಳೆಯುವ ಉಕ್ಕಿನ ರಿಮ್ಮು ಮಳೆಯಲ್ಲಿ ಇದಕ್ಕಿಂತಲೂ ಜಾರುತ್ತಿತ್ತು. ಈ ಒಂದರಲ್ಲಿ ನಮ್ಮ ಕಾಲದ್ದೇ ವಾಸಿ.

ಚೌಕದ ರಸ್ತೆಯ ಬಗ್ಗೆಯೂ ಒಂದು ಮಾತು. ಅಲ್ಲಿನ ಹಳೆ ಸೇತುವೆಯನ್ನು 2022ರ ಅಕ್ಟೋಬರ್ 2ರಂದು ನಡುರಾತ್ರಿ ಕಳೆದ ಮೇಲೆ ಸಿಡಿಮದ್ದಿಟ್ಟು ಕೆಡವಿದರು. 2023ರ ಆಗಸ್ಟಿನಲ್ಲಿ ಹೊಸ ಮೇಲ್ಸೇತುವೆಗಳು ತೆರೆದವು. ಕಾರಿನವರಿಗೆ ಅನುಕೂಲವಾಯಿತು. ಸೈಕಲ್ಲಿನವರು ಯಾವ ಕವಲು ಎಲ್ಲಿಗೆ ಇಳಿಯುತ್ತದೆ ಅಂತ ಮೊದಲೇ ತಿಳಿದಿರಬೇಕು. ನಾನು ಎರಡು ಭಾನುವಾರ ಬೆಳಿಗ್ಗೆ ಆರಕ್ಕೆ ಹೋಗಿ ಸುಮ್ನೆ ಸುತ್ತಾಡಿ ದಾರಿ ಗೊತ್ತು ಮಾಡಿಕೊಂಡೆ. ಹೊಸಬರಿಗೆ ನಾನು ಹೇಳುವುದೂ ಅದನ್ನೇ. ಸೋಮವಾರ ಒಂಬತ್ತಕ್ಕೆ ಮೊದಲ ಸಲ ಹೋಗಬೇಡಿ.

ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಏರು ಹತ್ತಿದರೆ ಅಂಗಿ ಹಿಂಡಬಹುದು. ಭಾರವನ್ನು ಸೈಕಲ್ಲು ಹೊರಲಿ. ಕ್ಯಾರಿಯರ್ ಹಾಕಿಸಿ, ಬ್ಯಾಗು ಹೊಲಿಯುವವನೊಬ್ಬನಿಂದ ತಾಡಪತ್ರಿ ಬಟ್ಟೆಯ ಎರಡು ಚೀಲ ಹೊಲಿಸಿದೆ. ಮೊದಲ ದಿನ ತುಳಿಯುವಾಗ ಹಿಮ್ಮಡಿ ಚೀಲಕ್ಕೆ ಹೊಡೆಯುತ್ತಿತ್ತು. ಕೊಂಡಿಗಳನ್ನು ಒಂದು ಗೇಣು ಹಿಂದಕ್ಕೆ ಸರಿಸಿದ ಮೇಲೆ ಸರಿಯಾಯಿತು. ಕೆಳಗಿನಿಂದಲೂ ಒಂದು ಎಳೆತ ಬೇಕು, ಇಲ್ಲದಿದ್ದರೆ ರಸ್ತೆಯ ಹಳ್ಳದಲ್ಲಿ ಚೀಲ ಹಾರಿ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತದೆ. ಎಡಗಡೆ ಲ್ಯಾಪ್‌ಟಾಪು, ಬಲಗಡೆ ಬುತ್ತಿ ಮತ್ತು ಬೀಗ. ಒಂದು ದಿನ ಎರಡನ್ನೂ ಒಂದೇ ಕಡೆ ಇಟ್ಟಿದ್ದೆ. ಬದನೆಕಾಯಿ ಎಣಗಾಯಿಯ ಎಣ್ಣೆ ಕೀಬೋರ್ಡಿಗೆ ಇಳಿದಿತ್ತು. ರಿಪೇರಿಯ ಬಿಲ್ಲು ಸೈಕಲ್ಲಿನ ಎಲ್ಲ ಖರ್ಚಿಗಿಂತ ಜಾಸ್ತಿ ಬಂತು. ಹೆಂಡತಿ ಆ ವಿಷಯ ಇನ್ನೂ ಬಿಟ್ಟಿಲ್ಲ.

ಟೈರಿನ ಗಾಳಿ: ನನ್ನ ತೂಕ 74 ಕಿಲೋ, ಗಾಳಿಯ ಒತ್ತಡ ಹಿಂದೆ 60 ಪಿಎಸ್‌ಐ, ಮುಂದೆ 50. ಕಲ್ಲಿನ ಹಾಗೆ ಹೊಡೆಸಿದರೆ ಓಡುವುದು ಜೋರು ಅನ್ನಿಸುತ್ತದೆ, ಆದರೆ ಕೈ ಮರಗಟ್ಟುತ್ತದೆ. ವಾರಕ್ಕೊಮ್ಮೆ ಪಂಪು ಹೊಡೆಯುತ್ತೇನೆ. ಪಂಕ್ಚರನ್ನು ನಾನೇ ಹಾಕಿಕೊಳ್ಳುತ್ತೇನೆ. ಅದರಲ್ಲಿ ಎಲ್ಲರೂ ಮಾಡುವ ತಪ್ಪು ಆತುರ. ಸೊಲ್ಯೂಷನ್ ಹಚ್ಚಿದ ಕೂಡಲೇ ತುಂಡು ಅಂಟಿಸಬಾರದು. ಐದು ನಿಮಿಷ ಬಿಟ್ಟು, ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಅಂಟಿಸಿ ಒತ್ತಬೇಕು. ಟ್ಯೂಬು ಒಳಗೆ ಹಾಕುವ ಮುಂಚೆ ಟೈರಿನ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ಜಾಲಿ ಮುಳ್ಳು ಅಲ್ಲೇ ಕೂತಿರುತ್ತದೆ.

ಚೈನಿಗೆ ನಾನು ಮೊದಲು ಹೊಲಿಗೆ ಮಿಷನ್ನಿನ ಎಣ್ಣೆ ಬಿಡುತ್ತಿದ್ದೆ. ತೆಳು ಎಣ್ಣೆ, ಒಂದೇ ಮಳೆಗೆ ತೊಳೆದು ಹೋಗುತ್ತಿತ್ತು. ಈಗ ಸೈಕಲ್ ಚೈನಿನದ್ದೇ ಎಣ್ಣೆ ತಂದು ಒಂದೊಂದು ರೋಲರಿಗೆ ಒಂದೊಂದೇ ಹನಿ ಬಿಟ್ಟು, ಹೊರಗೆ ಉಳಿದದ್ದನ್ನು ಪೂರ್ತಿ ಒರೆಸುತ್ತೇನೆ. ಒರೆಸದಿದ್ದರೆ ದೂಳು ಮೆತ್ತಿಕೊಂಡು ಉಜ್ಜುಕಾಗದದ ಹಾಗೆ ಹಲ್ಲು ತಿನ್ನುತ್ತದೆ. ಪ್ಯಾಂಟಿನ ಕಾಲಿಗೆ ಕ್ಲಿಪ್ಪು. ಲೈಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿಂದೆ ಕೆಂಪು ಇರಲೇಬೇಕು, ಮುಂದಿನದ್ದನ್ನು ನೆಲಕ್ಕೆ ಬಗ್ಗಿಸಿ ಹಾಕಿ. ಎದುರಿನವನ ಕಣ್ಣಿಗೆ ಬಿದ್ದರೆ ಅವನು ನಮ್ಮ ಮೇಲೇ ಬರುತ್ತಾನೆ.

ಬೆವರಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಕನ್ನಡ ಸಂಘದಲ್ಲಿ ಸಿಕ್ಕ ಗೆಳೆಯರೂ ಮೊದಲು ಕೇಳುವುದು ಅದನ್ನೇ. ಏಳೂವರೆಗೆ ಹೊರಡುತ್ತೇನೆ, ಬನಿಯನ್ನಿನ ಮೇಲೆ ತೆಳು ಟೀಶರ್ಟ್. ಆಫೀಸಿನಲ್ಲಿ ಹತ್ತು ನಿಮಿಷ ಫ್ಯಾನಿನ ಕೆಳಗೆ ಕೂತು, ಒದ್ದೆ ಪಂಚೆಯ ತುಂಡಿನಲ್ಲಿ ಮೈ ಒರೆಸಿಕೊಂಡು ಅಂಗಿ ಹಾಕಿಕೊಳ್ಳುತ್ತೇನೆ. ಸೋಮವಾರ ಮಾತ್ರ ಬಸ್ಸಿನಲ್ಲಿ ಹೋಗಿ ವಾರದ ಐದು ಅಂಗಿ ಇಟ್ಟು ಬರುತ್ತೇನೆ. ಏಪ್ರಿಲ್, ಮೇ ಕಷ್ಟವೇ. ಆಗ ವಾರಕ್ಕೆ ಎರಡು ದಿನ ಹೋದರೂ ನನಗೆ ಸಮಾಧಾನ.

ಹೋದ ದೀಪಾವಳಿಗೆ ಅಪ್ಪ ಪುಣೆಗೆ ಬಂದಿದ್ದರು. ಕರ್ವೇನಗರದ ಸೈಕಲ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದೊಂದರ ಮುಂದೆಯೂ ನಿಂತು ನೋಡಿದರು. ಮನೆಗೆ ಬಂದ ಮೇಲೆ ನನ್ನ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದರು. ಬೆಲ್ ಬಾರಿಸಿದರು. ಕ್ಯಾರಿಯರ್ ಎಳೆದು ನೋಡಿದರು. ಮಡ್‌ಗಾರ್ಡಿಗೆ ಬೆರಳಿನಿಂದ ಕುಟ್ಟಿದರು. ಆಮೇಲೆ ಪಕ್ಕದ ಒಂಟಿ ಸ್ಟ್ಯಾಂಡ್ ನೋಡಿ, "ಇದರ ಮ್ಯಾಲೆ ಚೀಲ ತುಂಬಿ ನಿಲ್ಲಿಸ್ತಿಯೇನು?" ಅಂದರು. ಹೇಳುವಷ್ಟರಲ್ಲೇ ಅದು ಒಂದು ಕಡೆ ವಾಲಿ, ಮೆಟ್ಟಿಲಿಗೆ ಬಿತ್ತು.

ಅಪ್ಪನ ಸೈಕಲ್ಲಿಗಿದ್ದ ಹಿಂದಿನ ಎರಡು ಕಾಲಿನ ಸ್ಟ್ಯಾಂಡು ನನ್ನದಕ್ಕೆ ಹಿಡಿಸುವುದಿಲ್ಲ. ಏಳು ಗೇರಿನ ಫ್ರೀವೀಲಿನಿಂದಾಗಿ ಹಿಂದಿನ ಆಕ್ಸಲ್ ಅಗಲ. ಪೆಡಲಿನ ಹಿಂದೆ, ಫ್ರೇಮಿನ ಅಡಿಗೆ ಬೋಲ್ಟ್ ಹಾಕಿ ಬಿಗಿಯುವ ಎರಡು ಕಾಲಿನದ್ದು ಸಿಗುತ್ತದಂತೆ. ಕಾಕಾ ತರಿಸಿಕೊಡುತ್ತೇನೆ ಅಂದಿದ್ದಾರೆ. ಅಲ್ಲಿಯವರೆಗೆ ಗೋಡೆಗೆ ಒರಗಿಸುತ್ತಿದ್ದೇನೆ, ಹ್ಯಾಂಡಲ್ಲಿಗೆ ಒಂದು ಹಳೆ ಟ್ಯೂಬಿನ ತುಂಡು ಸುತ್ತಿ.